ಅರ್ಧಕ್ಕೆ ನಿಂತ ಸಿಳ್ಳೆ

ಆ ಅಜ್ಜಿಗೆ ನಾನು ಹೊಂದಿಸಿಕೊಟ್ಟ ಶ್ರವಣಯಂತ್ರದಲ್ಲಿ ತಪ್ಪು ಹುಡುಕಲು ಯಾರಿಂದಲೂ ಆಗುವುದಿಲ್ಲ ಎಂದು ಮೂರು ವಾರ ನಂಬಿಕೊಂಡಿದ್ದೆ. ಕ್ಯಾಂಪ್‌ಬೆಲ್‌ನ ಒಂದು ಕಿವಿ-ಮೂಗು-ಗಂಟಲಿನ ಕ್ಲಿನಿಕ್ಕಿನಲ್ಲಿ ನನ್ನದು ಆಡಿಯಾಲಜಿಸ್ಟ್ ಕೆಲಸ. ಕಿವಿ ಎಷ್ಟು ಕೇಳುತ್ತದೆಂದು ಅಳೆಯುವುದು, ಯಂತ್ರ ಆರಿಸುವುದು, ಅದನ್ನು ಆ ಒಬ್ಬರ ಕಿವಿಗೆ ಒಪ್ಪುವಂತೆ ಮಾಡುವುದು. ಈ ಕೊನೆಯದರಲ್ಲಿ ನನಗೆ ಸ್ವಲ್ಪ ಕೊಂಬಿದೆ, ಒಪ್ಪಿಕೊಳ್ಳುತ್ತೇನೆ. ಎಷ್ಟೋ ಕಡೆ ಕಂಪ್ಯೂಟರ್ ಹೇಳಿದ ಅಂದಾಜಿಗೇ ಬಿಟ್ಟು ಕಳಿಸುತ್ತಾರೆ. ನಾನು ದಾರದಷ್ಟು ಸಣ್ಣ ನಳಿಗೆಯನ್ನು ಕಿವಿಯೊಳಗೆ ಇಳಿಸಿ, ಕಿವಿತಮಟೆಯ ಹತ್ತಿರ ನಿಜವಾಗಿ ಎಷ್ಟು ಸದ್ದು ತಲುಪುತ್ತಿದೆ ಎಂದು ಅಳೆದೇ ಬಿಡುವವಳು. ತೆರೆಯ ಮೇಲೆ ಬರಬೇಕಾದ ಗೆರೆ ಒಂದು, ಬಂದ ಗೆರೆ ಇನ್ನೊಂದು. ಅಜ್ಜಿಯ ಎರಡೂ ಕಿವಿಯಲ್ಲಿ ಆ ಎರಡು ಗೆರೆಗಳು ಒಂದರ ಮೇಲೊಂದು ಕೂತವು. ಇಷ್ಟು ಚೆನ್ನಾಗಿ ಕೂತದ್ದನ್ನು ಕಂಡು ತೆರೆಯ ಫೋಟೋ ಕೂಡ ತೆಗೆದಿಟ್ಟುಕೊಂಡೆ.

ಅಜ್ಜಿಗೆ ಎಂಬತ್ತು ದಾಟಿತ್ತು. ಗ್ರೀಸ್ ದೇಶದ ಒಂದು ಬೆಟ್ಟದ ಹಳ್ಳಿಯವರು. ಮದುವೆಯಾಗಿ ಇಲ್ಲಿಗೆ, ಅಮೆರಿಕಕ್ಕೆ ಬಂದು, ನಲವತ್ತು ವರ್ಷ ಬಟ್ಟೆ ಹೊಲಿದು, ಗಂಡನನ್ನು ಕಳೆದುಕೊಂಡು, ಈಗ ಮಗಳ ಮನೆಯಲ್ಲಿದ್ದರು. ಮಗಳು ಇಲ್ಲೇ ಹುಟ್ಟಿದವರು, ಐವತ್ತು ದಾಟಿದವರು, ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುವವರು. ಅಮ್ಮನ ಹಳೆಯ ಯಂತ್ರ ಮೂರು ಹೊತ್ತೂ ಕುಂಯ್ ಎಂದು ಕೀರಿಡುತ್ತದೆ, ಚರ್ಚಿನಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ ಎಂದು ಅವರೇ ಕರೆದುಕೊಂಡು ಬಂದಿದ್ದರು. ಅಜ್ಜಿ ತಮ್ಮ ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ.

"ನಂಗೆ ಅಣ್ಣ ಕೇಳಿಸ್ಬೇಕು. ಭಾನುವಾರ ಫೋನ್ ಮಾಡ್ತಾನೆ. ಅವ್ನು ಕೇಳಿಸಿದ್ರೆ ಸಾಕು, ಬೇರೆ ಯಾರೂ ಬೇಡ."

"ಅಮ್ಮಾ, ನಾನೂ ಬೇಡ್ವಾ?" ಎಂದರು ಮಗಳು.

"ನೀನು ಹೆಂಗೂ ಕೂಗ್ತೀಯಲ್ಲ," ಎಂದರು ಅಜ್ಜಿ.

ನಗುತ್ತಾ ಫೈಲಿನಲ್ಲಿ "ಫೋನಿನಲ್ಲಿ ಮಾತು ಕೇಳಿಸಬೇಕು" ಎಂದು ಬರೆದುಕೊಂಡೆ. ಅವರ ಹಳೆಯ ಯಂತ್ರಗಳನ್ನು, ಇನ್ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು, ದಾನದ ಡಬ್ಬಕ್ಕೆ ಹಾಕಿದೆ. ಅದು ಆ ಶುಕ್ರವಾರವೇ ಹೊರಟುಹೋಯಿತು.

ಎರಡು ವಾರದ ಮೇಲೆ ಬಂದಾಗ ಮಗಳು ಖುಷಿಯಾಗಿದ್ದರು. ಟೀವಿ ಸದ್ದು ಅರ್ಧಕ್ಕಿಳಿದಿದೆ, ಅಂಗಡಿಯಲ್ಲಿ ಕ್ಯಾಷಿಯರ್ ಹೇಳಿದ್ದು ಒಂದೇ ಸಲಕ್ಕೆ ಅರ್ಥವಾಗುತ್ತದೆ, ಕೀರಲು ಇಲ್ಲವೇ ಇಲ್ಲ. ಅಜ್ಜಿ ಮಾತ್ರ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕೊಂಡಿಯನ್ನು ತೆಗೆದು ಹಾಕುತ್ತಾ ಕೂತಿದ್ದರು.

"ಅಣ್ಣ ಕೇಳಿಸ್ತಿದ್ದಾರಾ?" ಎಂದು ಕೇಳಿದೆ.

"ಶುರು ಮಾಡ್ತಾನೆ. ಆಮೇಲೆ ನುಂಗಿಬಿಡ್ತಾನೆ."

ಪದದ ಕೊನೆ ನುಂಗುವುದು ಎಂದರೆ ನಮ್ಮ ಕಸುಬಿನಲ್ಲಿ ಸಾಮಾನ್ಯವಾಗಿ ಒಂದೇ ಅರ್ಥ: ಸಕಾರ, ಫಕಾರದಂಥ ತೆಳುವಾದ ಸದ್ದುಗಳು ತಲುಪುತ್ತಿಲ್ಲ. ಮೇಲಿನ ಸ್ವರಗಳಿಗೆ ಒಂದಿಷ್ಟು ಬಲ ಕೊಟ್ಟು ಕಳಿಸಿದೆ. ಮುಂದಿನ ವಾರ ಬಂದು, ಇಲ್ಲಿನ ಗ್ರೀಕರ ಸೊಸೈಟಿಯ ಊಟದಲ್ಲಿ ತಟ್ಟೆ-ಚಮಚಗಳ ಸದ್ದು ತಲೆಗೆ ಹೊಡೆಯಿತು, ಅಣ್ಣ ಮಾತ್ರ ಹಾಗೇ ಇದ್ದಾನೆ ಎಂದರು. ಫೋನಿನಿಂದ ನೇರವಾಗಿ ಯಂತ್ರಕ್ಕೇ ಸದ್ದು ಬರುವ ಹಾಗೆ ಜೋಡಿಸಿ ಕೊಟ್ಟೆ. ಅದೂ ಆಗಲಿಲ್ಲ. ಅದರ ಮುಂದಿನ ವಾರ ಬಂದಾಗ ಅಜ್ಜಿ ನನ್ನನ್ನು ಬೈಯಲಿಲ್ಲ, ದೂರಲಿಲ್ಲ. ಹಳೆಯದನ್ನು ವಾಪಸ್ಸು ಕೊಡುತ್ತೀರಾ ಎಂದು ಬಹಳ ಮೆತ್ತಗೆ ಕೇಳಿದರು. ಕೊಟ್ಟುಬಿಟ್ಟಾಯಿತು ಎಂದು ಹೇಳುವಾಗ ನನಗೆ ಅವರ ಮುಖ ನೋಡಲಾಗಲಿಲ್ಲ.

ಅವತ್ತು ಸನ್ನಿವೇಲ್‌ನ ಮನೆಗೆ ಬಂದು ಊಟಕ್ಕೆ ಕೂತಾಗ ಇದನ್ನೇ ಹೇಳಿಕೊಂಡು ರೇಗಾಡಿದೆ. ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಅತ್ತೆ ರೊಟ್ಟಿ ಮುರಿಯುತ್ತಾ ಎಲ್ಲ ಕೇಳಿಸಿಕೊಂಡರು.

"ಅಲ್ಲವ್ವಾ, ಆ ಅಣ್ಣ ಮಾತಾಡೂದನ್ನ ನೀ ಒಮ್ಮೆರ ಕೇಳೀ ಏನು?" ಎಂದರು.

"ಗ್ರೀಕಲ್ಲಿ ಮಾತಾಡ್ತಾರೆ ಅತ್ತೆ. ನಂಗೇನು ತಿಳಿಯುತ್ತೆ?"

"ತಿಳಿಯೂದು ಬ್ಯಾಡ. ಕೇಳೀ ಏನಂತ ಕೇಳಿದೆ. ಹುಡುಗಿ ನೋಡದನ ಕುಪ್ಪಸ ಹೊಲದಂಗ ಆತಲ್ಲ ಇದು."

ಸಿಟ್ಟು ಬಂತು, ಸರಿಯಾದ್ದನ್ನು ಹೇಳಿದರೆ ಬರುವಂಥದ್ದು. ಆ ರಾತ್ರಿಯೇ ಅಜ್ಜಿಯ ಮಗಳಿಗೆ ಮೆಸೇಜು ಹಾಕಿದೆ: ಬರುವ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ, ಅಲ್ಲಿ ಸಂಜೆ ಆರು, ನನ್ನ ಮುಂದೆಯೇ ಅಣ್ಣನಿಗೆ ಫೋನ್ ಮಾಡಿ.

ವಿಡಿಯೋ ಕರೆಯನ್ನು ಎತ್ತಿದವರು ಆ ಹಳ್ಳಿಯ ಕಾಫಿ ಅಂಗಡಿಯ ಹೆಂಗಸು. ಅಣ್ಣನ ಬಳಿ ಫೋನಿರಲಿಲ್ಲ. ಪ್ರತಿ ಭಾನುವಾರ ಅಂಗಡಿಗೆ ಬಂದು ಆಕೆಯ ಫೋನಿನಲ್ಲಿ ತಂಗಿಯನ್ನು ನೋಡುತ್ತಿದ್ದರು. ಆಕೆ ಫೋನನ್ನು ಹೊರಗಿನ ಕಟ್ಟೆಗೆ ತಂದು, ಟೋಪಿ ಹಾಕಿದ್ದ ಒಬ್ಬ ತೆಳ್ಳಗಿನ ಮುದುಕನ ಮುಂದೆ ಹಿಡಿದರು. ಆತನ ಹಿಂದೆ ಕಲ್ಲಿನ ಗೋಡೆ, ಗೋಡೆಯ ನಡುವೆ ಒಂದು ಬಿಳಿಯ ಕೆತ್ತನೆಯ ತುಂಡು ಓರೆಯಾಗಿ ಸೇರಿಕೊಂಡಿತ್ತು. ಮುದುಕ ಟೋಪಿ ತೆಗೆದು ನನಗೆ ತಲೆಬಾಗಿ, ಎರಡು ಬೆರಳನ್ನು ನಾಲಿಗೆಯ ಕೆಳಗಿಟ್ಟು, ಸಿಳ್ಳೆ ಹೊಡೆದರು.

ನಾನು ಹಾಡೇನೋ ಎಂದುಕೊಂಡೆ. ಹಾಡಲ್ಲ. ಏರುತ್ತಾ, ಇಳಿಯುತ್ತಾ, ನಡುನಡುವೆ ಕಡಿಯುತ್ತಾ, ಒಂದು ಪ್ರಶ್ನೆಯ ಹಾಗೆ ಮೇಲಕ್ಕೆ ಹೋಗಿ ನಿಂತಿತು. ಅದು ಮಾತು.

"ಇವ್ರು... ಸಿಳ್ಳೆಯಲ್ಲೇ ಮಾತಾಡ್ತಾರಾ?"

"ಹೂಂ," ಎಂದರು ಮಗಳು, ಅದರಲ್ಲೇನು ಎನ್ನುವ ಹಾಗೆ. "ಮೂರು ವರ್ಷದ ಹಿಂದೆ ಗಂಟಲು ಆಪರೇಷನ್ ಆದಾಗ ನರ ಹೋಯ್ತು. ದನಿ ಬರೋದೇ ಇಲ್ಲ. ಸಿಳ್ಳೆ ಮಾತ್ರ ಬರುತ್ತೆ. ಅಮ್ಮಂಗೆ ಅದು ಮಾತಿನ ಹಾಗೇ ಅರ್ಥ ಆಗುತ್ತೆ. ನಾನು ನಿಮಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಮ್ಮನ ಹಳ್ಳಿಯ ಸಿಳ್ಳೆ ಅವರಿಗೆ ಹುಟ್ಟಿದಾಗಿನಿಂದ ಮನೆಯ ಒಂದು ಸದ್ದು. ಅದನ್ನು ಡಾಕ್ಟರರಿಗೆ ವಿವರಿಸಬೇಕೆಂದು ಹೊಳೆದಿರಲಿಲ್ಲ.

ಈ ಕಸುಬು ತಿಳಿದ ಯಾರಿಗಾದರೂ ಆ ಕ್ಷಣಕ್ಕೇ ಗೊತ್ತಾಗುತ್ತಿತ್ತು. ಮದುವೆಮನೆಯ ಮೈಕು ಕೀರಿಡುವ ಹಾಗೆ ಶ್ರವಣಯಂತ್ರವೂ ತನ್ನ ಸದ್ದನ್ನು ತಾನೇ ಕೇಳಿಸಿಕೊಂಡು ಕೀರಿಡುತ್ತದೆ. ಹೊಸ ಯಂತ್ರಗಳಲ್ಲಿ ಅದನ್ನು ಹಿಡಿದು ಕೊಲ್ಲುವುದಕ್ಕೆಂದೇ ಒಂದು ಕಾವಲು ಇದೆ. ಒಂದೇ ಎಳೆಯಾದ, ಚೂಪಾದ, ನಿಲ್ಲದ ಸದ್ದು ಬಂದರೆ ಸಾಕು, ಇದು ನನ್ನದೇ ಕೀರಲು ಎಂದುಕೊಂಡು ಕತ್ತರಿಸಿ ಹಾಕುತ್ತದೆ. ಕಂಡುಹಿಡಿಯಲು ಅದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಬೇಕು. ಅಷ್ಟರಲ್ಲಿ ಸಿಳ್ಳೆಯ ಮೊದಲ ತುದಿ ಒಳಗೆ ಹೋಗಿರುತ್ತದೆ. ಶುರು ಮಾಡುತ್ತಾನೆ, ನುಂಗಿಬಿಡುತ್ತಾನೆ. ಅಜ್ಜಿ ಮೊದಲಿನಿಂದಲೂ ಇದನ್ನೇ ಹೇಳಿದ್ದರು. ನುಂಗುತ್ತಿದ್ದದ್ದು ಅಣ್ಣನಲ್ಲ, ನಾನು ಕೂರಿಸಿದ ಯಂತ್ರ.

ಅಷ್ಟರಲ್ಲಿ ಮುದುಕ ಅದೇ ಸಿಳ್ಳೆಯನ್ನು ಮತ್ತೆ ಹೊಡೆದರು. ಅಜ್ಜಿ ತೆರೆಯ ಹತ್ತಿರ ಬಾಗಿ, ಏನೂ ತಿಳಿಯದೆ, ಸುಮ್ಮನೆ ತಲೆಯಾಡಿಸಿದರು. ಮೂರನೆಯ ಸಲ ಹೊಡೆದಾಗ ಕಿಟಕಿಯ ಬಳಿ ನಿಂತಿದ್ದ ಮಗಳು ಬಾಯಿಬಿಟ್ಟರು.

"ನನ್ನ ಮೇಲೆ ಸಿಟ್ಟಾಗಿದ್ದೀಯಾ ಅಂತ ಕೇಳ್ತಿದ್ದಾರಮ್ಮ."

ಅಜ್ಜಿ ನಿಧಾನವಾಗಿ ಮಗಳತ್ತ ತಿರುಗಿದರು. "ನಿಂಗೆ ಇದು ಬರುತ್ತಾ?"

"ಅರ್ಥ ಆಗುತ್ತೆ. ಹೊಡೆಯೋಕೆ ಬರಲ್ಲ." ಸಿಕ್ಕಿಬಿದ್ದ ಮಗುವಿನ ಮುಖವಾಗಿತ್ತು ಅವರದು. "ಭಾನುವಾರ ನಾನು ಅಡುಗೆಮನೇಲಿ ಇರ್ತೀನಲ್ಲ. ನೀವಿಬ್ರೇ ಮಾತಾಡ್ಕೊಳ್ಳಿ ಅಂತ ನೀರು ಬಿಟ್ಕೊಂಡು ಪಾತ್ರೆ ತೊಳೀತಿರ್ತೀನಿ. ಇಷ್ಟು ದಿನ ಇದನ್ನ ಕೇಳ್ತಿದ್ರು ಅಂತ ನಂಗೆ ಗೊತ್ತಿರ್ಲಿಲ್ಲ."

ನನಗೆ ನನ್ನ ಹನ್ನೆರಡು ವರ್ಷದ ಮಗಳು ನೆನಪಾದಳು. ನಾನು ಕನ್ನಡದಲ್ಲಿ ಏನು ಬೈದರೂ ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಜಗಳಕ್ಕೆ ಬರುವುದು ಇಂಗ್ಲಿಷಿನಲ್ಲಿ.

ಆಮೇಲೆ ಮಗಳು ಗ್ರೀಕಿನಲ್ಲಿ ಮಾವನಿಗೆ ಎಲ್ಲ ವಿವರಿಸಿದರು: ಅಮ್ಮನಿಗೆ ಸಿಟ್ಟಿಲ್ಲ, ಕೇಳಿಸುತ್ತಿಲ್ಲ, ಯಂತ್ರದ ತಪ್ಪು. ಅಜ್ಜಿ ಮುಖ ಮುಚ್ಚಿಕೊಂಡು ಅತ್ತರು. ಅವರ ಹಳ್ಳಿಯಲ್ಲಿ ಸಿಳ್ಳೆಯನ್ನು ಅರ್ಧಕ್ಕೆ ನಿಲ್ಲಿಸುವುದು ಎಂದರೆ ಮುಖ ತಿರುಗಿಸಿ ಹೋದ ಹಾಗೆ; ಜಗಳವಾದವರೂ ಸಿಳ್ಳೆಯನ್ನು ಮುಗಿಸಿಯೇ ಜಗಳವಾಡುತ್ತಾರಂತೆ. ಎರಡು ವರ್ಷದ ಹಿಂದೆ ಅತ್ತಿಗೆ ತೀರಿಕೊಂಡಾಗ ಅಜ್ಜಿಗೆ ಮಂಡಿಯ ಆಪರೇಷನ್ನಿನಿಂದ ಹೋಗಲಾಗಿರಲಿಲ್ಲ. ಅದಕ್ಕೆ ಅಣ್ಣ ಈಗ ಸಿಟ್ಟು ತೀರಿಸಿಕೊಳ್ಳುತ್ತಿದ್ದಾನೆ, ವಾರವಾರವೂ ಕರೆದು ಅರ್ಧಕ್ಕೆ ಬಿಟ್ಟು ಅವಮಾನ ಮಾಡುತ್ತಿದ್ದಾನೆ ಎಂದು ತಿಳಿದು ಇವರು ತಿಂಗಳಿನಿಂದ ಒಬ್ಬರೇ ನುಂಗಿಕೊಂಡಿದ್ದರು. ಅಲ್ಲಿ ಆತ, ತಂಗಿ ಉತ್ತರವನ್ನೇ ಕೊಡುವುದಿಲ್ಲವಲ್ಲ ಎಂದು. ಇಬ್ಬರ ನಡುವೆ ನಾನು ಫೋಟೋ ತೆಗೆದಿಟ್ಟುಕೊಂಡಿದ್ದ ಎರಡು ಗೆರೆಗಳಿದ್ದವು. ನನಗೆ ನಾಚಿಕೆಯಾಯಿತು, ಬೇರೆ ಮಾತಿಲ್ಲ.

"ಸದ್ಯಕ್ಕೆ ನಿಮ್ಮ ಮಗಳೇ ಹೇಳ್ಲಿ, ಅಷ್ಟರಲ್ಲಿ ನಾನು ಸರಿ ಮಾಡ್ತೀನಿ," ಎಂದೆ.

ಅಜ್ಜಿ ತಲೆಯೆತ್ತಿ ಖಡಾಖಂಡಿತ ಹೇಳಿದರು: "ಬೇಡ. ಅವ್ನ ಬಾಯಿಂದ ಕೇಳ್ಬೇಕು. ಅವ್ನಿಗೆ ಮುಂದಿನ ಹಲ್ಲು ಅಲ್ಲಾಡ್ತಿದೆ, ಕಾಫಿ ಅಂಗಡಿಯವ್ಳು ಹೇಳಿದ್ಳು. ಕೀವಾಗಿದೆ, ತೆಗೀಲೇಬೇಕು. ಗುರುವಾರ ಆದ್ಮೇಲೆ ಮುಂದಿನ ಗುರುವಾರ. ಹಲ್ಲು ಹೋದ್ರೆ ಸಿಳ್ಳೆ ಹೋಯ್ತು. ಊರಲ್ಲಿ ಎಷ್ಟು ಜನಕ್ಕೆ ಹಾಗೇ ಹೋಗಿದೆ."

ಆವತ್ತು ಮಂಗಳವಾರ. ಎಂದರೆ ಒಂಬತ್ತು ದಿನ.

ಕಾವಲನ್ನು ಆರಿಸಿಬಿಟ್ಟರೆ ಮುಗಿಯಿತು ಎನ್ನುವ ಹಾಗಿರಲಿಲ್ಲ. ಅಜ್ಜಿಯ ಕಿವಿಯಲ್ಲಿದ್ದದ್ದು ತೂತುಗಳಿರುವ ಮೆತ್ತನೆಯ ಟೋಪಿಯಂಥದ್ದು. ಕಿವಿ ಕಟ್ಟಿಕೊಂಡ ಹಾಗಾಗುವುದಿಲ್ಲ, ಆದರೆ ಸದ್ದು ಹೊರಗೆ ಸೋರುತ್ತದೆ. ಕಾವಲು ಆರಿಸಿದ ಮರುಕ್ಷಣ ಎರಡೂ ಯಂತ್ರಗಳು ಕೀರಿಟ್ಟವು. ಅಜ್ಜಿ ಬೆಚ್ಚಿ ತೆರೆಯತ್ತ ನೋಡಿ, ಅಣ್ಣನೇ ಕರೆದನೆಂದು "ಆಂ?" ಎಂದರು. ನಾನು ತಕ್ಷಣ ಕಾವಲನ್ನು ಮತ್ತೆ ಹಾಕಿದೆ. ಇನ್ನು ಉಳಿದದ್ದು ಒಂದೇ ದಾರಿ: ಕಿವಿಯ ಅಚ್ಚು ತೆಗೆದು, ಅದಕ್ಕೆ ಸರಿಯಾಗಿ ಕೂರುವ ಗಟ್ಟಿ ಬಿರಡೆಗಳನ್ನು ಮಾಡಿಸಿ, ಸೋರಿಕೆಯನ್ನೇ ನಿಲ್ಲಿಸುವುದು.

ನಮ್ಮ ಕ್ಲಿನಿಕ್ಕಿನ ಯಜಮಾನರಾದ ಡಾಕ್ಟರು ಬೆಂಗಳೂರಿನವರು. ಒಳ್ಳೆಯವರೇ, ಆದರೆ ದೂರು ಬಂದರೆ ಅವರಿಗೆ ನಿದ್ದೆ ಬರುವುದಿಲ್ಲ.

"ಅಲ್ಲಮ್ಮಾ, ಕಂಪೆನಿಯೋರು ಕಷ್ಟಪಟ್ಟು ಆ ಫೀಚರು ಮಾಡಿದ್ದಾರೆ, ನೀನು ಆಫ್ ಮಾಡ್ತೀನಿ ಅಂತೀಯ. ಪೇಷೆಂಟು ಕುಂಯ್ ಅಂತ ರೋಡಲ್ಲಿ ಓಡಾಡಿದ್ರೆ ಯಾರ ಹೆಸರು ಹಾಳಾಗೋದು? ಮಗಳು ಬಂದಿದ್ದೇ ಆ ಕಂಪ್ಲೇಂಟು ತಗೊಂಡು."

"ಮಗಳು ಬಂದಿದ್ದು ಆ ಕಂಪ್ಲೇಂಟು ತಗೊಂಡು ಸರ್. ಅಜ್ಜಿ ಬಂದಿದ್ದು ಅಣ್ಣನಿಗೋಸ್ಕರ. ನಾನು ಮಗಳ ಕಂಪ್ಲೇಂಟು ಸರಿಮಾಡಿ ಅಜ್ಜೀನ ಮನೆಗೆ ಕಳಿಸಿದೀನಿ."

"ಎರಡು ಪ್ರೋಗ್ರಾಮು ಹಾಕು ಹಂಗಾದ್ರೆ. ಒಂದು ಊರಿಗೆ, ಒಂದು ಅಣ್ಣಂಗೆ."

ಅದು ಒಳ್ಳೆಯ ಮಾತಾಗಿತ್ತು. ಬಟನ್ ಒತ್ತಿದರೆ ಕಾವಲಿಲ್ಲದ ಪ್ರೋಗ್ರಾಮು, ಇನ್ನೊಮ್ಮೆ ಒತ್ತಿದರೆ ಎಂದಿನದು. ಡಾಕ್ಟರರೇ ಹೇಳಿದರೆಂದು ನನ್ನ ಕೊಂಬಿಗೆ ಸ್ವಲ್ಪ ನೋವಾಯಿತು, ಆದರೂ ಹಾಗೇ ಮಾಡಿದೆ.

ಅಂದೇ ಅಚ್ಚು ತೆಗೆದೆ. ಕಿವಿಯೊಳಗೆ ದಾರ ಕಟ್ಟಿದ ಹತ್ತಿಯ ತುಣುಕನ್ನಿಟ್ಟು, ಗುಲಾಬಿ ಬಣ್ಣದ ಸಿಲಿಕೋನು ತುಂಬಿ, ಐದು ನಿಮಿಷ ಅಲ್ಲಾಡದೆ ಕೂರಿಸುವುದು. ಲ್ಯಾಬಿಗೆ ಫೋನ್ ಮಾಡಿ ಗೋಗರೆದು, ಮೂರು ದಿನದಲ್ಲಿ ಮಾಡಿಕೊಡುತ್ತೇವೆ ಎನ್ನಿಸಿಕೊಂಡೆ.

ಈ ಮಧ್ಯೆ ಎರಡನೆಯ ಕಳ್ಳ ಸಿಕ್ಕಿದ. ವಿಡಿಯೋ ಕರೆಯ ಆ್ಯಪು ಕೂಡ ಮಾತಲ್ಲದ ಸದ್ದನ್ನು ಗದ್ದಲವೆಂದು ತಿಳಿದು ಒರೆಸಿಹಾಕುತ್ತದೆ. ತೆರೆಯಲ್ಲಿ ನಾನು ಕೇಳಿದ್ದ ಸಿಳ್ಳೆಯೂ ಪೂರ್ತಿಯದಲ್ಲ, ಅಲ್ಲಲ್ಲಿ ತೂತು ಬಿದ್ದದ್ದು. ಹಳೆಯ ಯಂತ್ರದಲ್ಲಿ ಅಷ್ಟಾದರೂ ಅಜ್ಜಿ ಹೇಗೋ ಹೊಂದಿಸಿಕೊಳ್ಳುತ್ತಿದ್ದರು. ಕಾಫಿ ಅಂಗಡಿಯಲ್ಲಿ ಗೋಡೆಗೆ ಒಂದು ಹಳೆಯ ತಂತಿ ಫೋನಿತ್ತು. ನಮ್ಮಲ್ಲಿ ಫ್ಯಾಕ್ಸಿಗೆಂದು ಉಳಿಸಿಕೊಂಡಿದ್ದ ಲೈನಿತ್ತು. ಗುರುವಾರ ಬೆಳಿಗ್ಗೆ ಫ್ಯಾಕ್ಸು ಬಿಚ್ಚಿ, ಸ್ಪೀಕರಿರುವ ಫೋನೊಂದನ್ನು ಅದಕ್ಕೆ ಹಾಕಿ, ಅಲ್ಲಿಗೆ ಕರೆ ಮಾಡಿದೆ. ಮುದುಕ ಸಿಳ್ಳೆ ಹೊಡೆದದ್ದು ಈ ಸಲ ಇಡಿಯಾಗಿ ಬಂತು. ಪಕ್ಕದ ಕೋಣೆಯ ಪೇಷೆಂಟು ಗಾಬರಿಯಾಗಿ ಬಾಗಿಲು ತೆರೆದು ನೋಡಿದರು. ನಾನು ಅದನ್ನು ರೆಕಾರ್ಡು ಮಾಡಿಟ್ಟುಕೊಂಡೆ.

ಶುಕ್ರವಾರ ಬಿರಡೆಗಳು ಬಂದವು. ಕಾವಲು ಆರಿಸಿ, ಅಜ್ಜಿಯ ಕಿವಿಗೆ ಅವನ್ನು ಕೂರಿಸಿದೆ. ಕೀರಲಿಲ್ಲ. ರೆಕಾರ್ಡು ಹಾಕಿದೆ. ಅಣ್ಣನ ಸಿಳ್ಳೆ ತುದಿಯಿಂದ ತುದಿಯವರೆಗೆ ಕೇಳಿ ಅಜ್ಜಿಯ ಮುಖ ಅರಳಿತು, ಅರಳಿದ್ದೇ ತಡ ಎಡಗಿವಿಯ ಯಂತ್ರ ಕೀರಿಟ್ಟಿತು. ಮುಖ ಗಂಭೀರವಾಯಿತು, ಕೀರಲು ನಿಂತಿತು. ಇನ್ನೊಮ್ಮೆ ಹಾಕಿದೆ. ನಕ್ಕರು, ಕೀರಿಟ್ಟಿತು.

ತಲೆಯ ಮೇಲೆ ಕೈಹೊತ್ತು ಕೂತೆ. ಬಾಯಿ ತೆರೆದಾಗ, ನಕ್ಕಾಗ, ದವಡೆಯ ಮೂಳೆ ಸರಿದು ಕಿವಿಯ ಓಣಿಯ ಆಕಾರ ಬದಲಾಗುತ್ತದೆ. ಕೆಲವರಿಗೆ ಜಾಸ್ತಿ. ಅಂಥವರಿಗೆ ಬಾಯಿ ತೆರೆಸಿಟ್ಟೇ ಅಚ್ಚು ತೆಗೆಯಬೇಕು. ಮೈಸೂರಿನಲ್ಲಿ ಓದುವಾಗ ಎರಡನೆಯ ವರ್ಷಕ್ಕೇ ಹೇಳಿಕೊಟ್ಟ ಪಾಠ. ನಾನು ಅವಸರದಲ್ಲಿ ಅಜ್ಜಿಗೆ "ಬಾಯಿ ಮುಚ್ಚಿ, ಅಲ್ಲಾಡಬೇಡಿ" ಎಂದಿದ್ದೆ. ಅವರು ಬಟ್ಟೆ ಹೊಲಿದವರಲ್ಲವೇ, ನಾನು ಬಾಯಿಬಿಡುವ ಮೊದಲೇ ಕಂಡುಹಿಡಿದರು.

"ನಿಂತಾಗ ಅಳತೆ ತಗೊಂಡು ಕೂತ್ಕೊಳ್ಳೋಕೆ ಪ್ಯಾಂಟು ಹೊಲ್ದಿದ್ದೀಯ."

"ಹೌದಜ್ಜಿ."

"ಅಳಬೇಡ. ಇನ್ನೊಂದು ಹೊಲಿ."

ಅಳುತ್ತಿರಲಿಲ್ಲ, ಆದರೆ ಹತ್ತಿರದಲ್ಲಿದ್ದೆ. ಹಲ್ಲಿನ ನಡುವೆ ಕಚ್ಚಿಕೊಳ್ಳಲು ಒಂದು ದಿಮ್ಮಿ ಕೊಟ್ಟು, ಬಾಯಿ ತೆರೆಸಿ, ಎಡಗಿವಿಯ ಅಚ್ಚನ್ನು ಮತ್ತೆ ತೆಗೆದೆ. ಲ್ಯಾಬಿನವರು ವಾರಾಂತ್ಯ ಕೆಲಸ ಮಾಡುವುದಿಲ್ಲ. ಸೋಮವಾರ ಮಾಡಿ ಮಂಗಳವಾರ ಕಳಿಸಿದರೆ ಬುಧವಾರ ಬೆಳಿಗ್ಗೆ ನಮಗೆ. ಅಲ್ಲಿ ಬುಧವಾರ ಸಂಜೆ. ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಆತ ಹಲ್ಲಿನ ಡಾಕ್ಟರರ ಬಳಿಗೆ ಹೊರಡುವವರು. ಒಂದು ವಾರ ಮುಂದಕ್ಕೆ ಹಾಕಲಿ ಎಂದು ಕೇಳಿಸಿದೆ. ಕೀವು ದವಡೆಗೆ ಇಳಿಯುತ್ತಿದೆ, ಆಗುವುದಿಲ್ಲ ಎಂದು ಉತ್ತರ ಬಂತು.

ಅಚ್ಚು ಗಟ್ಟಿಯಾಗುವವರೆಗೆ, ಬಾಯಿಯಲ್ಲಿ ದಿಮ್ಮಿಯಿದ್ದ ಅಜ್ಜಿಯ ಪರವಾಗಿ ಮಗಳು ಹಳ್ಳಿಯ ಕಥೆ ಹೇಳಿದರು. ಬೆಟ್ಟದ ನೆತ್ತಿಯಲ್ಲಿ ಆನೆಗಾತ್ರದ ಕಲ್ಲುಗಳ ಒಂದು ಮುರುಕು ಬುರುಜು ಇದೆ. ಅದರಿಂದ ಉರುಳಿದ ಕಲ್ಲೇ ಚರ್ಚಿನ ಹೊಸ್ತಿಲು, ಅದರ ಮೇಲೆ ಯಾರಿಗೂ ಓದಲು ಬಾರದ ಅಕ್ಷರ. ಯಾವನೋ ಶ್ರೀಮಂತನನ್ನು ಹೂಳಿದ್ದ ಕಲ್ಲಿನ ಪೆಟ್ಟಿಗೆ ಈಗ ಮೇಕೆಗಳು ನೀರು ಕುಡಿಯುವ ತೊಟ್ಟಿ. ಎರಡು ಸಾವಿರ ವರ್ಷಕ್ಕೂ ಹಿಂದೆ ಆ ಬುರುಜಿನ ಕಾವಲುಗಾರರು ಎದುರು ಬೆಟ್ಟಕ್ಕೆ ಶತ್ರುಗಳ ಸುದ್ದಿ ಮುಟ್ಟಿಸಲು ಸಿಳ್ಳೆ ಹೊಡೆಯುತ್ತಿದ್ದರು, ಅವರೇ ತಮ್ಮ ಹಿರಿಯರು ಎಂದು ಊರಿನವರ ನಂಬಿಕೆ. ಪಂಡಿತರು ಬಂದು ಕಲ್ಲನ್ನು ಅಳೆದು ವಯಸ್ಸು ಹೇಳಿದರು. ಸಿಳ್ಳೆಯ ವಯಸ್ಸು ಹೇಳಲಾಗಲಿಲ್ಲ.

ನಾನು ದಿಮ್ಮಿ ತೆಗೆದ ಕೂಡಲೇ ಅಜ್ಜಿ ಹೇಳಿದರು: "ನನ್ನ ಅಜ್ಜಿಯ ಅಜ್ಜಿ ಹೊಡೀತಿದ್ಳು. ಅದಕ್ಕೂ ಹಿಂದೆ ನಾನಿರಲಿಲ್ಲ, ನಂಗೊತ್ತಿಲ್ಲ."

ಬುಧವಾರ ಪಾರ್ಸೆಲ್ಲು ಎಂಟಕ್ಕೆ ಬರಬೇಕಿತ್ತು. ಒಂಬತ್ತಾದರೂ ಇಲ್ಲ. ನನ್ನ ಬೇರೆ ಪೇಷೆಂಟುಗಳನ್ನೆಲ್ಲ ಮಧ್ಯಾಹ್ನಕ್ಕೆ ತಳ್ಳಿ, ರಿಸೆಪ್ಷನ್ನಿನ ಬಾಗಿಲಲ್ಲಿ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೆ. ಡಾಕ್ಟರರು ಎರಡು ಸಲ ಬಂದು ಗಡಿಯಾರ ನೋಡಿ ಹೋದರು. ಅಲ್ಲಿ ಮುದುಕ ಆರು ಗಂಟೆಯಿಂದ ಗೋಡೆಯ ಫೋನಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆಂದು ಅಂಗಡಿಯ ಹೆಂಗಸು ಮೆಸೇಜು ಹಾಕಿದರು. ಒಂಬತ್ತೂವರೆಗೆ ಪಾರ್ಸೆಲ್ಲು ಬಂತು. ಕತ್ತರಿ ಹುಡುಕುವಷ್ಟು ವ್ಯವಧಾನವಿಲ್ಲದೆ ಹಲ್ಲಿನಿಂದಲೇ ಹರಿದೆ.

ಬಿರಡೆ ಕೂರಿಸಿ, ಅಜ್ಜಿಗೆ ಬಾಯಿ ತೆರೆಯಿರಿ, ಮುಚ್ಚಿರಿ, ಅಗಿಯಿರಿ ಎಂದೆ. ಕೀರಲಿಲ್ಲ. ನಗಿ ಎಂದೆ. ನಗು ಬರಲಿಲ್ಲ ಅವರಿಗೆ. ಬಾಯಿಯನ್ನು ಬೆರಳಿನಿಂದ ಅಗಲಿಸಿ ತೋರಿಸಿದರು. ಕೀರಲಿಲ್ಲ. ಬಟನ್ ಒತ್ತಿ ಕಾವಲಿಲ್ಲದ ಪ್ರೋಗ್ರಾಮಿಗೆ ಹಾಕಿದೆ. ಮಗಳು ಫೋನ್ ಮಾಡಿದರು.

ಸಿಳ್ಳೆ ಬಂದಾಗ ಅಜ್ಜಿ ಅಳುತ್ತಾರೆಂದು ನಾನು ಟಿಶ್ಯೂ ಹಿಡಿದು ನಿಂತಿದ್ದೆ. ಅವರು ಗದರಿದರು. ಏನೆಂದರು ಎಂದು ಮಗಳನ್ನು ಕೇಳಿದೆ. "ಮೆತ್ತಗೆ ಹೊಡಿ, ಕಿವುಡಿ ಅಂದ್ಕೊಂಡಿದ್ದೀಯಾ ಅಂತಿದ್ದಾಳೆ," ಎಂದರು ಮಗಳು, ಅವರ ಕಣ್ಣಲ್ಲೇ ನೀರಿತ್ತು. ಟಿಶ್ಯೂವನ್ನು ಅವರಿಗೆ ಕೊಟ್ಟೆ.

ಅಣ್ಣ ಸಿಳ್ಳೆಯಲ್ಲಿ, ತಂಗಿ ಮಾತಿನಲ್ಲಿ. ಅತ್ತಿಗೆಯ ವಿಷಯ ಬಂತೆಂದು ಅಜ್ಜಿಯ ದನಿಯಿಂದಲೇ ತಿಳಿಯಿತು. ಬಹಳ ಹೊತ್ತು ಅದೇ ನಡೆಯಿತು. ಆಮೇಲೆ ಆತ ಬೇರೆ ರೀತಿ ಹೊಡೆಯತೊಡಗಿದರು: ಚಿಕ್ಕದೊಂದು, ಬಿಡುವು, ಇನ್ನೊಂದು, ಬಿಡುವು. ಅಜ್ಜಿ ಪ್ರತಿಯೊಂದಕ್ಕೂ ತುಟಿಯಲ್ಲೇ ಒಂದು ಹೆಸರು ಹೇಳಿಕೊಳ್ಳುತ್ತಿದ್ದರು.

"ಊರನ್ನ ಕರೀತಿದ್ದಾನೆ," ಎಂದು ನನಗೆ ಹೇಳಿದರು. "ಬುರುಜಿನ ಕೆಳಗಿನ ಮನೆಯಿಂದ ಶುರು. ಒಂದೊಂದು ಮನೆಯವ್ರ ಹೆಸರು. ಸಂಜೆ ದನ-ಮೇಕೆ ಬಂದ್ಮೇಲೆ ಹೀಗೆ ಕರೀತಿದ್ರು, ಎಲ್ರೂ ಮನೆ ಸೇರಿದ್ರಾ ಅಂತ. ಹೆಸರು ಕೇಳಿಸಿದವ್ರು ಇದ್ದೀನಿ ಅಂತ ತಿರುಗಿ ಹೊಡೀಬೇಕು."

ಬೀಗ ಹಾಕಿದ ಮನೆಗಳನ್ನೂ, ಬಿದ್ದ ಮನೆಗಳನ್ನೂ ಬಿಡದೆ ಆತ ಕರೆದರು. ಪ್ರತಿ ಹೆಸರಿನ ಮೇಲೂ, ಉತ್ತರ ಬರಬಹುದಾದಷ್ಟು ಹೊತ್ತು ಕಾಯುತ್ತಿದ್ದರು. ಬೆಟ್ಟದ ಮೇಲಿನಿಂದ ಕೆಳಗೆ ಬಂದು, ಕೊನೆಯಲ್ಲಿ, ಒಂದು ಹೆಸರಿಗೆ ಅಜ್ಜಿ ತುಟಿ ಅಲ್ಲಾಡಿಸಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅದು ಅವರ ಹೆಸರು.

ಅಜ್ಜಿ ಎರಡು ಬೆರಳನ್ನು ಬಾಯಿಗಿಟ್ಟುಕೊಂಡು ಊದಿದರು. ಕಟ್ಟಿಸಿದ ಹಲ್ಲಿನ ಸಂದಿಯಿಂದ ಬರೀ ಗಾಳಿ ಹೋಯಿತು. ಹಲ್ಲಿನ ಸೆಟ್ಟನ್ನೇ ತೆಗೆದು ಕೈಯಲ್ಲಿ ಹಿಡಿದು ಮತ್ತೆ ಊದಿದರು. ಗಾಳಿಯೇ. ಆ ಕಡೆಯಿಂದ ಹೆಸರು ಇನ್ನೊಮ್ಮೆ ಬಂತು, ಸ್ವಲ್ಪ ಉದ್ದವಾಗಿ. ಬಾಯಿಮಾತಿನಲ್ಲಿ ಹೇಳಿ, ಕೇಳುತ್ತದೆ ಎಂದು ನಾನು ಅನ್ನುವವಳಿದ್ದೆ. ಅಜ್ಜಿ ಮಗಳ ಕಡೆ ನೋಡಿದರು.

ಮಗಳು ಟಿಶ್ಯೂವನ್ನು ಮೇಜಿನ ಮೇಲಿಟ್ಟು, ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು, ನಾಲಿಗೆಯ ಕೆಳಗಿಟ್ಟು ಊದಿದರು. ಮೊದಲು ಎಂಜಲು ಸಿಡಿಯಿತು. ಎರಡನೆಯ ಸಲ ಒಂದು ಸಿಳ್ಳೆ ಬಂತು. ಸೊಟ್ಟಗಿತ್ತು, ನಡುವೆ ಒಡೆಯಿತು, ಆದರೆ ನಿಲ್ಲಲಿಲ್ಲ. ಐವತ್ತು ದಾಟಿದ ಆ ಹೆಂಗಸು ಕೆಂಪೇರಿದ ಮುಖದಲ್ಲಿ ಅದನ್ನು ಕೊನೆಯವರೆಗೆ ಎಳೆದು ಮುಗಿಸಿದರು.

ಲೈನು ಕಡಿಯಿತೆಂದು ನಾನು ಬಗ್ಗಿ ನೋಡಿದೆ. ಕಡಿದಿರಲಿಲ್ಲ. ಆಮೇಲೆ ಒಂದು ಚಿಕ್ಕ ಸಿಳ್ಳೆ ಬಂತು, ಇಲ್ಲಿಯವರೆಗೆ ಕರೆದ ಯಾವ ಮನೆಯದ್ದೂ ಅಲ್ಲದ್ದು. ಮಗಳು ಅರ್ಥವಾಗದೆ ಅಮ್ಮನ ಮುಖ ನೋಡಿದರು.

"ನಿನ್ನ ಹೆಸರು," ಎಂದರು ಅಜ್ಜಿ, ಹಲ್ಲಿಲ್ಲದ ಬಾಯಿ ತುಂಬ ನಗುತ್ತಾ. "ಕರೀತಿದ್ದಾನೆ, ಉತ್ತರ ಕೊಡು."